ತೋಳಿಲ್ಲದ ಹಲಗೆ

ಹಲಗೆಯನ್ನು ಎಡಗೈಯಿಂದ ಎತ್ತಿ ಹಿಡಿದು, ಬಲಗೈಯಿಂದ ಅದರ ಕೆಳಗೆ ಸೌದೆಯ ತುಂಡೊಂದನ್ನು ಓರೆಯಾಗಿ ಆನಿಸುತ್ತಿದ್ದಾಗ ಅಂಬುಜೆಗೆ ಇದ್ದದ್ದು ಒಂದು ಸಣ್ಣ ಚಿಂತೆ. ಹೆಣ ಈ ಕಿಟಕಿಯ ಮುಂದೆಯೇ ಹೋಗಬೇಕು. ಆಗ ತಾನು ಎಲ್ಲಿ ನೋಡಬೇಕು?

ಹಲಗೆ ನಿಂತಿತು. ಅದರ ಮೇಲೆ ದಿನಚರಿ ತೆರೆದು ಅದನ್ನೇ ಬರೆದಳು. ಹೊರಗೆ ನೋಡಿದರೆ ಅವನ ಮುಖ. ಒಳಗೆ ನೋಡಿದರೆ ಅಮ್ಮನ ಮುಖ. ಕಣ್ಣು ಮುಚ್ಚಿಕೊಂಡರೆ ಅಳು ಬಂದರೂ ಬರಬಹುದು. ಬರೆದದ್ದನ್ನು ಓದಿಕೊಂಡಾಗ ನಾಚಿಕೆಯಾಯಿತು. ಒಬ್ಬ ಮನುಷ್ಯ ಸತ್ತ ದಿನ ನನ್ನ ಕಣ್ಣಿನದೇ ಚಿಂತೆ ನನಗೆ, ಎಂದು ಇನ್ನೊಂದು ಸಾಲು ಸೇರಿಸಿದಳು.

ಹದಿನಾಲ್ಕನೆಯ ವಯಸ್ಸಿನಿಂದ ಅವಳು ಬರೆಯುತ್ತ ಬಂದಿದ್ದಳು. ಎಂಟು ವರ್ಷ, ಏಳು ನೋಟುಪುಸ್ತಕ. ಹೈದರಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಬಿ.ಎ. ಓದಿದ ನಾಲ್ಕು ವರ್ಷದ ಚಳಿ, ಜ್ವರ, ಪರೀಕ್ಷೆ, ಎದುರು ಮನೆಯ ಬೆಕ್ಕು ಮರಿ ಹಾಕಿದ್ದು, ಎಲ್ಲವೂ ಅವುಗಳಲ್ಲಿತ್ತು. ಒಂದು ದಿನದ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ.

ಓಣಿಯ ಆ ತುದಿಯಲ್ಲಿ ಬಡಿಗೇರ ಮೋನಪ್ಪ ನಸುಕಿನಲ್ಲಿ ತೀರಿಕೊಂಡಿದ್ದ. ಈಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ನಾರಾಯಣಪೇಟೆಯ ಆ ಓಣಿಯಲ್ಲಿ ಮನೆಗೊಂದು ಮಗ್ಗ. ಯಾರಾದರೂ ಸತ್ತರೆ, ಅವರು ಯಾವ ಜಾತಿಯವರೇ ಇರಲಿ, ಹೆಣ ಓಣಿ ದಾಟುವವರೆಗೆ ಮಗ್ಗ ನಿಲ್ಲಿಸುವುದು ಹಿರಿಯರ ಕಾಲದಿಂದ ಬಂದದ್ದು. ಹೋದ ವರ್ಷ ಕಾಲರಾದಲ್ಲಿ ಸತ್ತ, ಹೆಸರೂ ಗೊತ್ತಿರದ ಬೈರಾಗಿಗೂ ನಿಲ್ಲಿಸಿದ್ದರು. ಇವತ್ತು ಒಂದೂ ನಿಂತಿರಲಿಲ್ಲ. ಟಕ್ಕು ಟಕ್ಕು ಎಂಬ ಸದ್ದು ಈ ಕೊನೆಯಿಂದ ಆ ಕೊನೆಯವರೆಗೆ ಎಂದಿನಂತೆ ಹರಿದಾಡುತ್ತಿತ್ತು. ಅದರ ನಡುವೆ ಮೋನಪ್ಪನ ಹೆಂಡತಿ ಬುಗ್ಗಮ್ಮ ಅಳುತ್ತಿದ್ದದ್ದು ಒಮ್ಮೆ ಕೇಳುತ್ತಿತ್ತು, ಒಮ್ಮೆ ಕೇಳುತ್ತಿರಲಿಲ್ಲ.

ಕಿಟಕಿಗೆ ಎದುರಾಗಿ ಮಾರ್ಕಂಡೇಯನ ಮನೆ. ಬಾಗಿಲು ತೆರೆದೇ ಇರುತ್ತಿದ್ದರಿಂದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಅವನ ಅರ್ಧ ದೇಹ ಇಲ್ಲಿಂದ ಕಾಣುತ್ತಿತ್ತು. ಆ ಬಾಗಿಲ ಮುಂದೆ ಈಗ ಇಬ್ಬರು ಬಂದು ನಿಂತರು. ಒಬ್ಬ ಬುಗ್ಗಮ್ಮನ ತಮ್ಮ, ಮಕ್ತಲ್‌ನ ಸಿದ್ದಪ್ಪ. ಇನ್ನೊಬ್ಬ ಗದ್ವಾಲದಿಂದ ಬಂದ ನೆಂಟ ಅಂಜಯ್ಯ.

"ಮಾರ್ಕಂಡೇಯಣ್ಣ, ಹೆಗಲ ಕೊಡಾಕ ಮೂರು ಮಂದಿ ಆಗೇವಿ," ಎಂದ ಸಿದ್ದಪ್ಪ. "ನಾನು, ನನ್ನ ಮಗ, ಈ ಅಂಜಯ್ಯ. ನಾಕನೇದವರು ಸಿಗವಲ್ರು."

ಮಗ್ಗ ನಿಲ್ಲಲಿಲ್ಲ. "ನಿಮ್ಮ ಬಡಿಗೇರು ಇಲ್ಲೇನು?"

"ಒಬ್ಬಗ ಜ್ವರ ಅಂತ. ಒಬ್ಬಾಂವ ಗುಂಡುಮಾಲಿಗೆ ಕೆಲಸಕ್ಕ ಹೋಗ್ಯಾನಂತ. ನಿನ್ನೆ ಸಂಜಿತನಾ ಇಬ್ಬರೂ ಇಲ್ಲೇ ಇದ್ರು."

"ಹಂಗಾರ ಬಂಡಿ ತರ್ರಿ."

"ಬಂಡ್ಯಾಗ ಹಾಕ್ಕೊಂಡು ಹೋಗಾಕ ಅದೇನು ಜ್ವಾಳದ ಚೀಲ ಏನಣ್ಣ?"

"ಜ್ವಾಳದ ಚೀಲಾಗಿದ್ರ ನಾನೇ ಹೊರತಿದ್ದೆ," ಎಂದ ಮಾರ್ಕಂಡೇಯ. ಲಾಳಿ ಅತ್ತಿಂದಿತ್ತ ಓಡಿತು. "ಖಬರಿ ಮುಟ್ಟಿಸಿ ಜೀವ ತೆಗದಾವಗ ಹೆಗಲ ಕೊಡೂದಿಲ್ಲಪ. ಯಾರ ಮನಿ ಮುಂದ ನಿಂತು ಕೇಳಾಕತ್ತಿ, ಅದನ್ನರ ನೋಡು. ಎದುರಿಗೇ ವಾದಿರಾಜನ ಮನಿ ಐತಿ."

ಇಬ್ಬರೂ ತಿರುಗಿ ಕಿಟಕಿಯ ಕಡೆ ನೋಡಿದರು. ಅಣ್ಣನ ಹೆಸರು ಕೇಳಿ ಅಂಬುಜೆ ತಲೆ ತಗ್ಗಿಸಿದಳು. ಈ ಕಿಟಕಿಯಲ್ಲಿ ತಲೆ ತಗ್ಗಿಸಿ ಅವಳಿಗೆ ರೂಢಿಯಾಗಿತ್ತು.

ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿಕೊಂಡ ಅಂಜಯ್ಯ, "ಬಿಡೋ ಸಿದ್ದಪ್ಪ," ಎಂದ. "ಬರೂ ದೀಪಾವಳಿಗೆ ರಾಯಚೂರು ಮೈಸೂರಿಗಂತ, ನಾವು ನೀವು ಆಂಧ್ರಕ್ಕಂತ. ಮೋನಪ್ಪ ಶಾಣ್ಯಾ. ಯಾ ಕಡೆನೂ ಬ್ಯಾಡಂತ ಮೊದಲೇ ಎದ್ದು ಹ್ವಾದ."

ಸಿದ್ದಪ್ಪ ನಗಲಿಲ್ಲ. "ಎಲ್ಲಿಗೆ ಹೋಗಾಕೂ ನಾಕು ಮಂದಿ ಬೇಕಲ್ಲ ಮಾವ," ಎಂದ.

*

ಆ ಹಲಗೆ ಹುಟ್ಟಿದ್ದು ಮಡಿಯ ದೆಸೆಯಿಂದ.

ಪಡಸಾಲೆಗೂ ಅಡಿಗೆಮನೆಗೂ ನಡುವೆ ಇದ್ದ ಕಿರಿದಾದ ಕೋಣೆ ಅದು. ಮನೆಯಲ್ಲಿ ಬೆಳಕು ಚೆನ್ನಾಗಿ ಬರುತ್ತಿದ್ದದ್ದು ಅಲ್ಲಿನ ಕಿಟಕಿಗೆ ಮಾತ್ರ. ಆದರೆ ಚೌಕಟ್ಟನ್ನು ಗೋಡೆಯ ಒಳಮುಖಕ್ಕೇ ಕೂಡಿಸಿದ್ದರಿಂದ ಒಳಗೆ ಉಳಿದದ್ದು ನಾಲ್ಕು ಬೆರಳಿನಷ್ಟು ಅಂಚು. ಸ್ಲೇಟು ಇಟ್ಟರೂ ಜಾರಿ ಬೀಳುತ್ತಿತ್ತು. ಮೇಜು ಹಾಕಿದರೆ ಮಡಿಯಲ್ಲಿ ನೀರು ತರುವ ಅಮ್ಮನಿಗೆ ಅದರ ಮೂಲೆ ತಾಗುತ್ತದೆ, ಮತ್ತೆ ಸ್ನಾನ. ರಜಾಕಾರರ ಗದ್ದಲದಲ್ಲಿ ಶಾಲೆ ಮುಚ್ಚಿ ಅಂಬುಜೆ ಮನೆಯಲ್ಲೇ ಓದುವಂತಾದಾಗ ಅಪ್ಪ ಮೋನಪ್ಪನನ್ನು ಕರೆಸಿದರು. ಅಪ್ಪ ರಾಮಚಂದ್ರರಾಯರು ತಹಸೀಲು ಕಚೇರಿಯಲ್ಲಿ ಪೇಶ್ಕಾರರಾಗಿದ್ದವರು. ಮಗ ವಾದಿರಾಜ ಕಾಂಗ್ರೆಸ್ಸಿನವರ ಜೊತೆ ಸೇರಿ ತುಂಗಭದ್ರೆ ದಾಟಿ ಕರ್ನೂಲಿನ ಕಡೆ ಹೋದನೆಂದು ತಿಳಿದ ದಿನವೇ ಅವರ ನೌಕರಿ ಹೋಗಿತ್ತು.

ಮೋನಪ್ಪ ಗೇಣು ಹಾಕಿ ಕಿಟಕಿ ಅಳೆದ. ಮಾರ್ಕಂಡೇಯನ ಮನೆಯ ಹಳೆ ಮಗ್ಗದಿಂದ ತಂದ ಸಾಗವಾನಿ ಹಲಗೆಯನ್ನು ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು, ಕಿವಿಗೊಟ್ಟು ಕೇಳಿದ. ಯಾವ ಕಟ್ಟಿಗೆಯನ್ನೇ ಆಗಲಿ ಅವನು ಹಾಗೆ ಮಾತಾಡಿಸದೆ ಕೆಲಸಕ್ಕೆ ಹಚ್ಚುತ್ತಿರಲಿಲ್ಲ.

"ಏನಂತದ?" ಎಂದು ಅಂಬುಜೆ ಕೇಳಿದ್ದಳು.

"ಮೂವತ್ತು ವರ್ಷ ಸೀರಿ ನೇಯ್ದು ಸಾಕಾಗೈತಂತ. ಇನ್ನ ಓದತೀನಿ ಅಂತೈತಿ, ಅಂಬಕ್ಕ."

ಉಪಾಯ ಸರಳವಾಗಿತ್ತು. ಅಂಚಿನ ಕೆಳಗೆ ಹಲಗೆಯನ್ನು ಎರಡು ಹಿತ್ತಾಳೆ ಬಿಜಾಗರಿಯಿಂದ ಗೋಡೆಯ ಪಟ್ಟಿಗೆ ಕೂಡಿಸುವುದು. ಬೇಡವಾದಾಗ ಅದು ಗೋಡೆಗೆ ಆತುಕೊಂಡು ಕೆಳಗೆ ಜೋತಿರುತ್ತದೆ. ಬೇಕಾದಾಗ ಎತ್ತಿ, ಗೋಡೆಯಲ್ಲಿ ತಿರುಗುವ ಮೂರುಮೂಲೆಯ ಕಟ್ಟಿಗೆಯೊಂದನ್ನು ಕೆಳಗೆ ತಂದು ನಿಲ್ಲಿಸಿದರೆ ಅಂಚು ಒಂದೂವರೆ ಗೇಣು ಮುಂದೆ ಬರುತ್ತದೆ. ಆ ಕಟ್ಟಿಗೆಗೆ ಮೋನಪ್ಪ ತೋಳು ಎನ್ನುತ್ತಿದ್ದ.

ಎರಡು ದಿನದ ಕೆಲಸ. ಮೊದಲ ದಿನ ಸಂಜೆ, ಅವನು ಹೋದ ಮೇಲೆ, ಹಿತ್ತಲ ಬಾಗಿಲಿನಿಂದ ವಾದಿರಾಜ ಬಂದ. ಹರಗೋಲಿನಲ್ಲಿ ಹೊಳೆ ದಾಟಿ, ಗದ್ವಾಲದಿಂದ ಮೂರು ದಿನ ಹೊಲಗಳಲ್ಲೇ ನಡೆದು ಬಂದವನಿಗೆ ಮೈ ಕೆಂಡದಂತೆ ಸುಡುತ್ತಿತ್ತು. ಅವನನ್ನು ಅಟ್ಟ ಹತ್ತಿಸಿದರು. ನಾಳೆ ಬಡಿಗೇರನನ್ನು ಬರಬೇಡವೆಂದರೆ ಯಾಕೆಂಬ ಮಾತು ಹುಟ್ಟುತ್ತದೆ, ಬರಲಿ, ಎಂದರು ಅಪ್ಪ.

ಮರುದಿನ ಆಷಾಢದ ಏಕಾದಶಿ. ಮೋನಪ್ಪ ಮೊಳೆ ಹೊಡೆಯುತ್ತಿದ್ದಾಗ ಅಟ್ಟದಲ್ಲಿ ಯಾರೋ ಕೆಮ್ಮಿದರು. ಅವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಬಡಿಯತೊಡಗಿದ. ಮೊಳೆ ಒಳಗೆ ಹೋದ ಮೇಲೂ ಬಡಿಯುತ್ತಲೇ ಇದ್ದ. ಮಧ್ಯಾಹ್ನ ಬಿಜಾಗರಿ ಕೂಡಿಸಿ ಮುಗಿಸಿ, ತೋಳನ್ನು ಮನೆಯಲ್ಲಿ ಕೆತ್ತಿ ತರುತ್ತೇನೆಂದು ಎದ್ದ.

"ಹಲಗಿ ಮ್ಯಾಲ ಏನೂ ಇಡಬ್ಯಾಡ, ಅಂಬಕ್ಕ. ಇನ್ನಾ ತೋಳ ಬಂದಿಲ್ಲ."

ಏಕಾದಶಿಯ ದಿನ ಆ ಮನೆಯಲ್ಲಿ ಒಲೆ ಹೊತ್ತಿದ್ದು ಅದೇ ಮೊದಲು. ಜ್ವರದ ಮಗ ಮೂರು ದಿನದಿಂದ ಅನ್ನ ಕಂಡಿಲ್ಲವೆಂದು ಅಮ್ಮ ಸಣ್ಣ ತಪ್ಪಲೆಯಲ್ಲಿ ಅನ್ನ ಮಾಡಿ, ದೇವರ ಕೋಣೆಯ ಬಾಗಿಲು ಎಳೆದುಕೊಂಡು, ಮುತ್ತುಗದ ಎಲೆಯಲ್ಲಿ ಹಾಕಿ ಮೇಲೆ ಕಳಿಸಿದಳು. ಉಂಡ ಎಲೆಯನ್ನು ಹಿತ್ತಲ ತಿಪ್ಪೆಯಲ್ಲಿ ಹೂಳಿ ಬಾ ಎಂದು ಅಂಬುಜೆಗೆ ಹೇಳಿದಳು. ಅಂಬುಜೆ ಎಲೆ ಮಡಚಿಕೊಂಡು ಇಳಿದು ಬರುವಾಗ ಪಡಸಾಲೆಯಲ್ಲಿ ಯಾರದೋ ದನಿ ಕೇಳಿಸಿತು. ಅಪ್ಪನ ಕೈಕೆಳಗೆ ಹತ್ತು ವರ್ಷ ಇದ್ದ ಕಚೇರಿಯ ಜವಾನ. ಈಚೆಗೆ ದಿನವೂ ಏನಾದರೂ ನೆಪ ಮಾಡಿಕೊಂಡು ಬಂದು, ಹೋಗಿ, ಓಣಿಯ ಬೇವಿನ ಕೆಳಗೆ ಕೂಡುತ್ತಿದ್ದ. ಅವನು ಒಳಗೆ ಬಂದಾನೆಂದು ಕಿಟಕಿಯ ಹತ್ತಿರ ಸರಿದ ಅಂಬುಜೆ ಮೊಣಕೈಯಿಂದ ಹಲಗೆ ಎತ್ತಿ ಎಲೆಯನ್ನು ಅದರ ಮೇಲಿಟ್ಟು, ಬಾಗಿಲು ಮುಂದೆ ಮಾಡಲು ಕೈ ಬಿಟ್ಟಳು.

ಹಲಗೆ ಕುಸಿದು ಗೋಡೆಗೆ ಬಡಿಯಿತು. ಮನೆಯೆಲ್ಲ ಅದುರಿದಂತಾಯಿತು. ನೆಲದ ಮೇಲೆ ಅನ್ನದ ಅಗುಳು.

"ಏನದು?" ಎಂದ ಹೊರಗಿನ ದನಿ.

"ಹೊಸಾ ಹಲಗಿ," ಎಂದರು ಅಪ್ಪ. "ಹುಡುಗಿ ಕೈ ಹಚ್ಚಿರಬೇಕು."

ಅಗುಳುಗಳನ್ನು ಎರಡೂ ಕೈಯಲ್ಲಿ ಬಾಚಿ, ಎಲೆಯಲ್ಲಿ ಸುತ್ತಿ, ಎಲ್ಲಿಡಬೇಕೋ ತಿಳಿಯದೆ ಅವಳು ಅದನ್ನು ಕಿಟಕಿಯ ಸರಳಿನ ನಡುವಿನಿಂದ ಓಣಿಗೆ ತಳ್ಳಿದಳು. ಹಸು ತಿನ್ನುತ್ತದೆ ಅಂದುಕೊಂಡಳು. ಹಸು ಬರುವ ಮೊದಲೇ ಜವಾನ ಹೊರಬಿದ್ದ. ಕೋಲಿನಿಂದ ಎಲೆ ಬಿಡಿಸಿದ. ಬಾಗಿ ನೋಡಿದ. ಈ ಮನೆಯಲ್ಲಿ ಏಕಾದಶಿಯ ದಿನ ಯಾರೂ ಅನ್ನ ಮುಟ್ಟುವುದಿಲ್ಲವೆಂದು ಅವನಿಗೆ ಹತ್ತು ವರ್ಷದಿಂದ ಗೊತ್ತು. ತಲೆಯೆತ್ತಿ ಕಿಟಕಿಯತ್ತ ನೋಡಿ, ಪೋಲೀಸ್ ಚೌಕಿಯ ಕಡೆ ನಡೆದ.

ಸಂಜೆಯೊಳಗೆ ಬಂದು ವಾದಿರಾಜನನ್ನು ಅಟ್ಟದಿಂದ ಇಳಿಸಿಕೊಂಡು ಹೋದರು. ಆ ಎರಡು ದಿನ ಹೊರಗಿನವನಾಗಿ ಮನೆಯೊಳಗೆ ಕೆಲಸ ಮಾಡಿದವನು ಮೋನಪ್ಪನೊಬ್ಬನೇ. ಮರುದಿನ ಬೆಳಿಗ್ಗೆ ತೋಳು ಹಿಡಿದುಕೊಂಡು ಬಂದ ಅವನ ಮುಖದ ಮೇಲೆ ಅಮ್ಮ ಬಾಗಿಲು ಹಾಕಿದಳು.

*

"ಹಲಗಿ ಇಳಸು."

ಅಮ್ಮ ಲಕ್ಷ್ಮೀಬಾಯಿ ಒದ್ದೆ ಸೀರೆಯಲ್ಲಿ, ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತಿದ್ದಳು. ಅಂಬುಜೆ ದಿನಚರಿ ಎತ್ತಿ, ಸೌದೆ ತೆಗೆದು, ಹಲಗೆಯನ್ನು ಸದ್ದಾಗದಂತೆ ಇಳಿಸಿದಳು. ಅಮ್ಮ ಗೋಡೆಗೆ ತಾಗದೆ ದಾಟಿ ಹೋದಳು. ಆ ಹಲಗೆಯನ್ನು ಕಿತ್ತು ಒಲೆಗಿಡಬೇಕೆಂದು ಅವಳು ಎಷ್ಟೋ ಸಲ ಅಂದಿದ್ದಳು. ವಾದಿರಾಜ ಈ ಮನೆಯಲ್ಲಿದ್ದ ಕಡೆಯ ದಿನದ್ದು, ಇರಲಿ, ಎಂದು ಅಪ್ಪ ಬಿಡಿಸಿದ್ದರು.

ಹೊರಗೆ ಸಿದ್ದಪ್ಪ ಈಗ ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತಿದ್ದ.

"ರಾಯರೆ, ತಾವು ಹೊರೂದು ಬ್ಯಾಡ್ರಿ. ಹೊರ್ರಿ ಅಂತ ನಾವು ಕೇಳಬಾರದು. ತಾವು ಒಂದು ಮಾತು ಅಂದ್ರ ಓಣ್ಯಾಗ ಯಾರರೆ ಬರತಾರ್ರಿ. ಆದದ್ದಾತು, ಎತ್ರಿ ಅಂತ, ಅಷ್ಟ."

ಅಪ್ಪ ಮಂಚದ ಮೇಲೆ ಕೂತು ಪಂಚಾಂಗ ತಿರುವುತ್ತಿದ್ದರು. ಇನ್ನೊಂದು ಹಾಳೆ ಮಗುಚಿದರು. ಉತ್ತರ ಕೊಟ್ಟವಳು ಅಮ್ಮ, ಅಡಿಗೆಮನೆಯಿಂದಲೇ, ದನಿಯೇರಿಸದೆ.

"ನನ್ನ ಮಗನ್ನ ಯಾರು ಎತ್ತಿದ್ರು? ನಾಕು ಹೆಗಲು ಇದ್ದುವೋ, ಕಾಲು ಹಿಡದು ಎಳಕೊಂಡು ಹೋದರೋ, ಯಾರಿಗೆ ಗೊತ್ತದ? ಅದನ್ನ ತಿಳಕೊಂಡು ಬಂದು ಹೇಳು ಮೊದಲು. ಆಮ್ಯಾಲ ಅವನ ಹೆಗಲಿನ ಮಾತಾಡೋಣಂತ."

ಸಿದ್ದಪ್ಪ ರುಮಾಲಿನಿಂದ ಮುಖ ಒರೆಸಿಕೊಂಡು, "ಹೌದ್ರಿ ಅವ್ವಾರೆ," ಎಂದು ಹೊರಟುಹೋದ.

ಅಂಬುಜೆ ಪಡಸಾಲೆಯ ಬಾಗಿಲಿಗೆ ಬಂದಳು. ಅಪ್ಪನ ಮುಂದೆ ನಿಂತಳು. ಬಾಯಿ ತೆರೆದಳು.

"ಏನು?" ಎಂದರು ಅಪ್ಪ.

"ಏನಿಲ್ಲ," ಎಂದಳು. "ಬಿಸಿಲು ಬಾಳ ಅದ."

*

ಪೋಲೀಸ್ ಆ್ಯಕ್ಷನ್ ಐದು ದಿನದಲ್ಲಿ ಮುಗಿದಿತ್ತು. ಕಚೇರಿಯ ಮೇಲೆ ಹೊಸ ಬಾವುಟ ಏರಿತು, ಜವಾನ ಊರು ಬಿಟ್ಟು ಓಡಿದ, ಜೈಲಿನಲ್ಲಿದ್ದವರು ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದರು. ಅಮ್ಮ ಹನ್ನೆರಡು ದಿನ ಹೊಸ್ತಿಲಲ್ಲಿ ಕೂತಳು. ಹದಿಮೂರನೆಯ ದಿನ ಜೈಲಿನಿಂದ ಒಂದು ಕಾಗದ ಬಂತು. ಜ್ವರದಿಂದ ಸತ್ತ, ಅಲ್ಲಿಯೇ ಮುಂದಿನ ಕಾರ್ಯ ನಡೆಯಿತು, ಎಂದು ಉರ್ದುವಿನಲ್ಲಿ ಎರಡು ಸಾಲು. ತಾರೀಖು ಒಂದೂವರೆ ತಿಂಗಳ ಹಿಂದಿನದು.

ಆ ಮಧ್ಯಾಹ್ನ ಮಾರ್ಕಂಡೇಯ ಮೂವರ ಜೊತೆ ಹೋಗಿ ಮೋನಪ್ಪನನ್ನು ಎಳೆದು ತಂದ. ವಾದಿರಾಜನೂ ಮಾರ್ಕಂಡೇಯನೂ ಒಂದೇ ಹಲಗೆ ಬಳಪ ಹಂಚಿಕೊಂಡು ಓದಿದವರು. ಮೋನಪ್ಪನದೇ ದಿಮ್ಮಿ, ಉಳಿ ಬಡಿಯುವ ಮೋನಪ್ಪನದೇ ಕೊಡತಿ. ಎಲ್ಲವನ್ನೂ ಈ ಕಿಟಕಿಯ ಮುಂದೆಯೇ ತಂದಿಟ್ಟರು. ಮನೆಯವರು ನೋಡಲಿ ಎಂದು. ಕೊಡತಿ ಮಾರ್ಕಂಡೇಯನ ಬಲಗೈಯಲ್ಲಿತ್ತು.

"ನೀ ಹೇಳಿಲ್ಲ?"

"ಇಲ್ಲಪ."

"ಮತ್ತ ಆ ಜವಾನಗ ಯಾರು ಹೇಳಿದ್ರು? ಒಂದು ಹೆಸರು ಹೇಳು, ಬಿಡತೀವಿ."

ಮೋನಪ್ಪ ತಲೆಯೆತ್ತಿ ಕಿಟಕಿಯನ್ನು ನೋಡಿದ. ಸರಳಿನ ಹಿಂದೆ ಅಂಬುಜೆ ನಿಂತಿದ್ದಳು. ಅವನು ನೋಡಿದ್ದು ಎಷ್ಟು ಹೊತ್ತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಕೂತುಬಿಟ್ಟಳು. ಜೋತಾಡುವ ಹಲಗೆಗೆ ಬೆನ್ನು ಹಚ್ಚಿ, ಮೊಣಕಾಲಿನ ನಡುವೆ ಮುಖ ಇಟ್ಟುಕೊಂಡಳು. ಆದ್ದರಿಂದ ಅವಳು ನೋಡಿದ್ದೇನೂ ಇಲ್ಲ. ಕೊಡತಿಯ ಪೆಟ್ಟು ಮಾತ್ರ ಕೇಳಿಸಿತು. ಅದು ಕಟ್ಟಿಗೆಯ ಮೇಲೆ ಬಿದ್ದ ಸದ್ದಿನಂತೆ ಇರಲಿಲ್ಲ.

ಆ ಬಲಗೈ ಮತ್ತೆ ಕೂಡಲಿಲ್ಲ. ಊರಲ್ಲಿ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ಮಗ್ಗ, ತೊಟ್ಟಿಲು, ಬಾಗಿಲುವಾಡ ಮಾಡುತ್ತಿದ್ದವನು ಎಡಗೈಯಲ್ಲಿ ಲಟ್ಟಣಿಗೆ, ಕಡಗೋಲು, ಬುಗುರಿ ಕೆತ್ತಿ, ಚೀಲದಲ್ಲಿ ಹಾಕಿಕೊಂಡು ಮಕ್ತಲ್ ಸಂತೆಗೆ ನಡೆಯುತ್ತಿದ್ದ. ಆದರೆ ಓಣಿಯಲ್ಲಿ ಯಾರು ಸತ್ತರೂ ಹೆಣ ಹೊರುವ ಸಿದಿಗೆ ಕಟ್ಟಿಕೊಡುವವನು ಮಾತ್ರ ಅವನೇ. ಅದಕ್ಕೆ ಬೇರೆ ಯಾರೂ ಇರಲಿಲ್ಲ. ಬಿದಿರು, ಹುರಿ ತಂದು ಅವನ ಬಾಗಿಲಲ್ಲಿ ಒಗೆದು ಹೋಗುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವನು ಹಲ್ಲಿನಿಂದ ಹುರಿ ಎಳೆದು ಗಂಟು ಬಿಗಿದು ಕೊಡುತ್ತಿದ್ದ.

ನಾಲ್ಕು ವರ್ಷದ ಮೇಲೆ, ಕಾಲೇಜಿಗೆಂದು ಹೊರಟ ಅಂಬುಜೆ ಮಕ್ತಲ್‌ನಲ್ಲಿ ಬಸ್ಸು ಬದಲಿಸಬೇಕಿತ್ತು. ಅಪ್ಪ ಟಿಕೇಟಿಗೆ ಹೋಗಿದ್ದರು. ಬೇವಿನ ನೆರಳಲ್ಲಿ ಗೋಣಿ ಹಾಸಿ ಕೂತಿದ್ದ ಮೋನಪ್ಪ ಅವಳನ್ನು ನೋಡಿ ಎದ್ದು ನಿಂತ.

"ಅಂಬಕ್ಕ ಅಲ್ಲೇನ್ರಿ? ಓದಾಕ ಹೊಂಟೀರಂತ. ಚಲೋ ಆತು." ಬಲಗೈಯನ್ನು ಅಂಗಿಯೊಳಗೆ ಸೇರಿಸಿಕೊಂಡ. "ಹಲಗಿ ಹೆಂಗೈತ್ರಿ?"

"ಅದ."

"ತೋಳ ನನ್ನ ಕಡೇನ ಐತ್ರಿ. ಅವತ್ತ ಅದನ್ನ ಹಾಕೇ ಹೋಗಬೇಕಿತ್ತು. ಅರ್ಧಾ ಕೆಲಸ ಬಿಟ್ಟು ಎದ್ದೆ. ತಪ್ಪು ನಂದು."

ಅವಳು ಅವನ ಗೋಣಿಯ ಮೇಲಿದ್ದ ಬುಗುರಿಗಳನ್ನು ನೋಡುತ್ತ ನಿಂತಳು.

"ಅವತ್ತ ತೋಳ ಹಿಡಕೊಂಡು ಬರಾಕತ್ತಿದ್ದೆ," ಎಂದ ಮೋನಪ್ಪ ಮೆಲ್ಲಗೆ. "ಎಲಿ ಬೀಳೂದೂ ನೋಡಿದೆ, ಆ ಜವಾನ ನೋಡೂದೂ ನೋಡಿದೆ. ಒಳಗ ಬರಾಕ ಧೈರ್ಯ ಆಗಲಿಲ್ಲ. ತಿರುಗಿ ಮನಿಗೆ ಹ್ವಾದೆ."

ಅವಳಿಂದ ಬಂದದ್ದು ಒಂದೇ ಶಬ್ದ. "ಮತ್ಯಾಕ..."

"ಹದಿನಾಕು ವರ್ಷದ ಕೂಸಿನ ಹೆಸರು ಹೇಳಿ ಈ ಕೈ ಉಳಿಸ್ಕೊಂಡಿದ್ರ, ಆ ಕೈಲೆ ಏನ ಕೆಲಸ ಮಾಡ್ಲಿ ಅಂಬಕ್ಕ?"

ಬಸ್ಸು ಹಾರನ್ ಹೊಡೆಯಿತು. ಅಪ್ಪ ಬರುವುದನ್ನು ಕಂಡು ಮೋನಪ್ಪ ಗೋಣಿಯ ಮೇಲೆ ಕೂತು, ತಲೆ ತಗ್ಗಿಸಿ, ಬುಗುರಿಯೊಂದನ್ನು ಕೆತ್ತತೊಡಗಿದ.

*

ಹೊತ್ತು ನೆತ್ತಿಗೆ ಬರುವಾಗ ಓಣಿಯ ತುದಿಯಲ್ಲಿ ಬಂಡಿಯ ಗಾಲಿ ಕಿರುಗುಟ್ಟಿತು. ಅಂಬುಜೆ ಚಪ್ಪಲಿ ಮೆಟ್ಟದೆ ಮೆಟ್ಟಿಲಿಳಿದಳು. ಹಿಂದಿನಿಂದ ಅಮ್ಮ ಕರೆದದ್ದು ಕೇಳಿಸಿತು. ನಿಂತರೆ ಮತ್ತೆ ನಡೆಯಲಾರೆನೆಂದು ನಿಲ್ಲಲಿಲ್ಲ.

ಮೋನಪ್ಪನ ಮನೆಯ ಮುಂದೆ ಎಂಟು ಹತ್ತು ಜನ, ಎಲ್ಲ ಹೊರಊರಿನ ಹೆಂಗಸರು, ಮುದುಕರು. ಸಿದಿಗೆಯನ್ನು ಸಿದ್ದಪ್ಪನೇ ಕಟ್ಟಿದ್ದ. ಗಂಟುಗಳು ಸಡಿಲವಾಗಿದ್ದವು. ಅದರ ಮೇಲೆ ಮೋನಪ್ಪ ಎಷ್ಟು ಸಣ್ಣವನಾಗಿ ಕಾಣುತ್ತಿದ್ದ. ಕೂಡದೆ ಉಳಿದ ಬಲಗೈಯನ್ನು ಎದೆಯ ಮೇಲೆ ತಂದು ಹುರಿಯಿಂದ ಕಟ್ಟಿದ್ದರು.

ಬುಗ್ಗಮ್ಮ ಅವಳನ್ನು ನೋಡಿ ಅಳು ನಿಲ್ಲಿಸಿದಳು. "ರಾಯರ ಮಗಳು ಏನ್ರಿ? ಯಾಕ ಬಂದ್ರಿ ತಾಯಿ? ಹೋಗ್ರಿ. ನಿಮ್ಮವ್ವಾರು ಬೈತಾರ."

ಅವಳ ಮಡಿಲಲ್ಲಿ ಗಂಡನ ಸಾಮಾನಿನ ಗಂಟು ಬಿಚ್ಚಿತ್ತು. ಬಾಚಿ, ಉಳಿ, ಸಣ್ಣ ಗರಗಸ. ಜೊತೆಗೆ, ಎಣ್ಣೆ ಹಚ್ಚಿ ಹಚ್ಚಿ ಕರ್ರಗಾದ ಮೂರುಮೂಲೆಯ ಕಟ್ಟಿಗೆ.

"ಬಾಚಿ ಅವನ ಜತೀಗಿ ಇಡೂನು ಅಂತ ತೆಗದೆ," ಎಂದಳು ಬುಗ್ಗಮ್ಮ, ಯಾರಿಗೆಂದಿಲ್ಲದೆ ಹೇಳಿಕೊಳ್ಳುವವಳಂತೆ. "ಇದೊಂದು ಯಾ ಮನೀದೋ ಗೊತ್ತಿಲ್ಲ. ವರ್ಷಾ ಎಣ್ಣಿ ಹಚ್ಚೇ ಹಚ್ಚಾಂವ. ಕೇಳಿದ್ರ, ಒಂದು ಮನೀಗಿ ಮುಟ್ಟಸೂದೈತಿ ಅನ್ನಾಂವ. ಮುಟ್ಟಸಲಿಲ್ಲ ನೋಡ್ರಿ."

"ನಮ್ಮನೀದು," ಎಂದಳು ಅಂಬುಜೆ.

ಬುಗ್ಗಮ್ಮ ಅವಳನ್ನು ನೋಡಿದಳು. ಆಮೇಲೆ ಕಟ್ಟಿಗೆಯನ್ನು ಅವಳ ಕೈಗೆ ಕೊಟ್ಟಳು.

ಸಿದ್ದಪ್ಪ, ಅವನ ಮಗ, ಅಂಜಯ್ಯ ಮೂವರೇ ಸೇರಿ ಸಿದಿಗೆಯನ್ನು ಬಂಡಿಗೆ ಏರಿಸಿದರು. ಒಂದು ಮೂಲೆ ಜೋತಿತು, ಹ್ಯಾಗೋ ನೂಕಿದರು. ಬಂಡಿ ಹೊರಟಿತು. ಮಗ್ಗಗಳು ನಡೆದೇ ಇದ್ದವು. ಬುಗ್ಗಮ್ಮ ಹತ್ತು ಹೆಜ್ಜೆ ಹಿಂದೆ ನಡೆದಳು, ಇಪ್ಪತ್ತು ಹೆಜ್ಜೆ ನಡೆದಳು. ರಾಯರ ಮನೆಯ ಮುಂದೆ ಬಂದಾಗ ಓಡಿಹೋಗಿ ಎತ್ತುಗಳ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟಳು.

"ಇಳಸ್ರಿ ಅವನ್ನ. ಈ ಓಣ್ಯಾಗ ಎಷ್ಟು ಮಂದಿಗೆ ಸಿದಿಗಿ ಕಟ್ಯಾನ ಅಂವ. ಬಂಡ್ಯಾಗ ಕಳಸೂದಿಲ್ಲ ನಾನು. ಕೊಳೀಲಿ ಇಲ್ಲೇ."

"ಏಳಕ್ಕ," ಎಂದ ಸಿದ್ದಪ್ಪ. "ಯಾರೂ ಬರೂದಿಲ್ಲ. ಏಳು."

ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. ಕಿಟಕಿಯ ಸರಳಿನ ಹಿಂದೆ ಅಮ್ಮನ ಮುಖವಿತ್ತು. ಎದುರಿಗೆ ಮಾರ್ಕಂಡೇಯ ತಲೆಯೆತ್ತದೆ ನೇಯುತ್ತಿದ್ದ. ಅಂಬುಜೆ ಓಣಿಯ ನಡುವೆ, ತಾನು ಎಂದೂ ನಿಂತಿರದ ಜಾಗದಲ್ಲಿ ನಿಂತಳು. ಇಲ್ಲಿಂದ ನೋಡಿದರೆ ಕಿಟಕಿ ಬಹಳ ಸಣ್ಣದು, ಬಹಳ ಹತ್ತಿರ. ಇಲ್ಲಿ ನಿಂತವನಿಗೆ ಒಳಗಿನ ಮುಖ ಕಾಣದೆ ಇರುವುದು ಸಾಧ್ಯವೇ ಇರಲಿಲ್ಲ.

"ನಾನು," ಎಂದಳು.

ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳ ದನಿ ಮೂರನೆಯ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಮಗ್ಗದ ಸದ್ದು ಅದನ್ನು ನುಂಗಿತು. ಎತ್ತು ಕಿವಿ ಅಲುಗಿಸಿತು, ಅಷ್ಟೆ. ಅವಳು ಕೈಯಲ್ಲಿದ್ದ ತೋಳನ್ನು ಎದೆಗವಚಿಕೊಂಡು, ಮಾರ್ಕಂಡೇಯನ ಬಾಗಿಲಿನವರೆಗೆ ನಡೆದು, ಹೊಸ್ತಿಲಿಗೆ ಕಾಲು ತಾಗುವಷ್ಟು ಹತ್ತಿರ ನಿಂತು, ಕಿಟಕಿಗೂ ಕೇಳುವ ಹಾಗೆ ಹೇಳಿದಳು.

"ಏಕಾದಶಿ ದಿನ ನಮ್ಮಣ್ಣ ಉಂಡ ಎಲಿ ಓಣಿಗೆ ಒಗದಾಕಿ ನಾನು. ಜವಾನ ಅದನ್ನ ನೋಡಿ ಹೋದ. ಮೋನಪ್ಪ ಯಾರಿಗೂ ಏನೂ ಹೇಳಿಲ್ಲ."

ಹಿಂದೆ, ಮನೆಯೊಳಗೆ, ಹಲಗೆ ಗೋಡೆಗೆ ಬಡಿಯಿತು. ಅಮ್ಮ ಅದನ್ನು ಎತ್ತಿ ಹಿಡಿದಿದ್ದು, ಕೈ ಬಿಟ್ಟಿರಬೇಕು. ಅಂಬುಜೆ ತಿರುಗಿ ನೋಡಲಿಲ್ಲ.

ಮಾರ್ಕಂಡೇಯನ ಮಗ್ಗ ನಿಂತಿತು. ಅದರ ಪಕ್ಕದ ಮನೆಯದು ಇನ್ನೂ ನಾಲ್ಕು ಸಲ ಬಡಿದು ನಿಂತಿತು. ಅದರಾಚೆಯದು ನಿಂತಿತು. ಓಣಿಯ ಕೊನೆಯವರೆಗೆ ಒಂದೊಂದಾಗಿ ಸದ್ದು ಅಡಗುತ್ತ ಹೋಯಿತು. ಲಾಳಿಯ ಹಗ್ಗ ಹಿಡಿದ ತನ್ನ ಬಲಗೈಯನ್ನು ಮಾರ್ಕಂಡೇಯ ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಬಿಟ್ಟು, ಎಡಗೈಯೊಂದನ್ನೇ ನೆಲಕ್ಕೆ ಊರಿ, ಕುಣಿಯಿಂದ ಮೇಲೆ ಬರಲು ಒದ್ದಾಡತೊಡಗಿದ.